ಹಗೇವು, ಡಬ್ಬಿ ಮತ್ತು ಪಕ್ಕದ ಮನೆ

2020ರ ಮಾರ್ಚ್ 24, ಮಂಗಳವಾರ. ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು ಟಿವಿಯಲ್ಲಿ ಬಂದು, ಇವತ್ತು ಮಧ್ಯರಾತ್ರಿಯಿಂದ 21 ದಿನ ದೇಶವೇ ಬಂದ್ ಅಂತ ಹೇಳಿದರು. ಭಾಷಣ ಮುಗಿಯೋ ಮೊದಲೇ ನಿಗಡಿಯ ನಮ್ಮ ಬಿಲ್ಡಿಂಗಿನ ಮೆಟ್ಟಿಲ ಮೇಲೆ ದಡದಡ ಸಪ್ಪಳ ಶುರುವಾಯಿತು. ನಾನೂ ಚಪ್ಪಲಿ ಮೆಟ್ಟಿಕೊಂಡು ಕಿರಾಣಿ ಅಂಗಡಿಗೆ ಓಡಿದೆ. ಮನೆಯಲ್ಲಿ ನಾವು ನಾಲ್ಕು ಜನ, ಡಬ್ಬಿಯಲ್ಲಿ ಇಪ್ಪತ್ತು ಕಿಲೋ ಗೋಧಿ ಆಗಲೇ ಇತ್ತು. ಆದರೂ 30 ಕಿಲೋದ ಎರಡು ಚೀಲ ಆಟೋದಲ್ಲಿ ಹಾಕಿಸಿದೆ. ನನ್ನ ಹಿಂದೆ ಗಾರೆ ಕೆಲಸದವನೊಬ್ಬ ಎರಡು ಕಿಲೋ ಹಿಟ್ಟಿಗೆ ನಿಂತಿದ್ದ. ಅವನ ಪಾಳಿ ಬಂದಾಗ ಅಂಗಡಿಯವ "ಖತಂ" ಅಂದ.

ನಾನು ಚರಿತ್ರೆ ಪಾಠ ಮಾಡುವ ಟೀಚರು. ಬರಗಾಲ, ದಾಸ್ತಾನು, ಕಾಳಸಂತೆ, ಇದನ್ನೆಲ್ಲ ಹತ್ತಾರು ಸಲ ಬೋರ್ಡಿನ ಮೇಲೆ ಬರೆದಿದ್ದೇನೆ. ಆ ರಾತ್ರಿ ಮಾತ್ರ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಆಮೇಲೆ ಆ ಮಳೆಗಾಲದಲ್ಲಿ ಎರಡು ಚೀಲಗಳಲ್ಲಿ ಒಂದಕ್ಕೆ ಹುಳ ಬಿತ್ತು. ಸೋಸಿ, ಬಿಸಿಲಿಗೆ ಹಾಕಿ, ಅರ್ಧದಷ್ಟು ಉಳಿಸಿಕೊಂಡೆ. ಇನ್ನರ್ಧ ಕೋಳಿಗೆ ಹೋಯಿತು. ನನ್ನ ದಾದಿ ಇದ್ದಿದ್ದರೆ ಎರಡಕ್ಕೂ ಬೈಯುತ್ತಿದ್ದಳು: ಬೇಕಾದ್ದಕ್ಕಿಂತ ಹೆಚ್ಚು ತಂದದ್ದಕ್ಕೆ ಒಮ್ಮೆ, ತಂದದ್ದನ್ನು ಇಡಲು ಬಾರದ್ದಕ್ಕೆ ಇನ್ನೊಮ್ಮೆ.

ಈ ಬರಹ ಅವಳ ಆ ಎರಡು ಬೈಗುಳದ ಬಗ್ಗೆಯೇ. ಆಪತ್ತಿಗೆಂದು ಮನೆಯಲ್ಲಿ ಕಾಳು ಕೂಡಿಡುವುದು ನಮ್ಮ ನಾಡಿಗೆ ಹೊಸದಲ್ಲ. ಬರವನ್ನೇ ನೆಂಟನ ಹಾಗೆ ನೋಡಿದ ಸೀಮೆ ನಮ್ಮದು. ಆದರೆ ಹಿಂದಿನವರು ಹೇಗೆ ಕೂಡಿಡುತ್ತಿದ್ದರು, ಯಾರಿಗಾಗಿ ಕೂಡಿಡುತ್ತಿದ್ದರು ಅನ್ನೋದನ್ನ ನಾವು ಮರೆತಿದ್ದೇವೆ.

ನೆಲದ ಹೊಟ್ಟೆಯ ಜೋಳ

ವಿಜಯಪುರ ಜಿಲ್ಲೆಯ ನಮ್ಮ ಊರಿನಲ್ಲಿ ದಾದಿಯ ಮನೆ ಮುಂದೆ ಒಂದು ದುಂಡನೆಯ ಹಾಸುಗಲ್ಲಿತ್ತು. ಮಕ್ಕಳಾದ ನಾವು ಅದರ ಮೇಲೆ ಕುಂಟಾಬಿಲ್ಲೆ ಆಡುತ್ತಿದ್ದೆವು. ಅದರ ಕೆಳಗೆ ಹಗೇವು ಇದೆ ಅಂತ ಗೊತ್ತಾಗಿದ್ದು ದೊಡ್ಡವಳಾದ ಮೇಲೆ. ಹಗೇವು ಅಂದರೆ ನೆಲದಾಗಿನ ಕಣಜ. ಮರಾಠಿಯಲ್ಲಿ ಇದನ್ನೇ ಪೇವ್ ಅಂತಾರೆ. ಯಾವುದಾದರೂ ಒಮ್ಮೆಲೇ ಎಲ್ಲೆಲ್ಲೂ ತುಂಬಿಕೊಂಡರೆ 'ಪೇವ್ ಫುಟಲೇ' ಅಂತ ಪುಣೆಯ ಪತ್ರಿಕೆಗಳು ಇಂದಿಗೂ ಬರೆಯುತ್ತವೆ. ಹಗೇವಿನ ಬಾಯಿ ತೆಗೆದಾಗ ಕಾಳಿನ ರಾಶಿ ಹೊರಬೀಳುವ ನೋಟ ಆ ಮಾತಿನೊಳಗೆ ಹಾಗೇ ಉಳಿದಿದೆ.

ಹಗೇವು ತೋಡುವುದಕ್ಕೆ ಲೆಕ್ಕಾಚಾರ ಬೇಕು. ಎರೆಭೂಮಿ ನೀರು ಹಿಡಿಯುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅಲ್ಲಿ ತೋಡಿದರೆ ಕಾಳು ಕೊಳೆಯುತ್ತದೆ. ಅದಕ್ಕೆ ಊರ ಎತ್ತರದ ಜಾಗದ ಗಟ್ಟಿ ಗರಸು ನೆಲವೇ ಆಗಬೇಕು. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಹೊಟ್ಟೆ ಅಗಲ, ಮಡಕೆಯ ಹಾಗೆ. ಒಳಗೋಡೆ ಒಣಗಿಸಿ, ತಳಕ್ಕೂ ಸುತ್ತಲೂ ಜೋಳದ ಕಣಿಕೆ, ಒಣಹುಲ್ಲು ದಟ್ಟವಾಗಿ ಇಟ್ಟು, ನಡುವೆ ಚೆನ್ನಾಗಿ ಒಣಗಿದ ಜೋಳ ಸುರಿಯುತ್ತಾರೆ. ಮೇಲೆ ಮತ್ತೆ ಹುಲ್ಲು, ಹಾಸುಗಲ್ಲು, ಅದರ ಮೇಲೆ ಮಣ್ಣು.

ಇದರ ಒಳಗುಟ್ಟು ಗಾಳಿಯದು. ಕಾಳಿಗೂ ಉಸಿರಾಟ ಇದೆ. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುತ್ತದೆ. ಆ ಗಾಳಿಯಲ್ಲಿ ಹುಳ ಬದುಕುವುದಿಲ್ಲ. ಗೋಡೆ ಪಕ್ಕದ ಒಂದಿಷ್ಟು ಕಾಳು ಮುಗ್ಗಿದರೂ ನಡುವಿನ ರಾಶಿ ವರ್ಷಗಟ್ಟಲೆ ತಡೆಯುತ್ತಿತ್ತು. ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಅದಕ್ಕೇ ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಹೊತ್ತು ಕಾಯ್ದು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯಬೇಕು. ವಿಜ್ಞಾನದ ಪುಸ್ತಕ ಇಲ್ಲದ ಊರಿನಲ್ಲಿ ಇದು ಪ್ರತಿ ಹುಡುಗನಿಗೂ ಗೊತ್ತಿದ್ದ ಪಾಠ.

ನನ್ನನ್ನು ಯೋಚನೆಗೆ ಹಚ್ಚಿದ್ದು ಹಗೇವು ಇರುವ ಜಾಗ. ಅದು ಅಡುಗೆಮನೆಯ ಮೂಲೆಯಲ್ಲಿಲ್ಲ. ಮನೆ ಮುಂದೆ, ಓಣಿಯಲ್ಲಿ, ಅಗಸಿಯ ಹತ್ತಿರ ಇರುತ್ತದೆ. ತೆರೆಯಬೇಕಾದರೆ ನಾಲ್ಕಾರು ಜನ ಬೇಕು. ಯಾರ ಹಗೇವು ಯಾವತ್ತು ತೆರೆಯಿತು ಅನ್ನೋದು ಊರಿಗೆಲ್ಲ ಗೊತ್ತಾಗುತ್ತದೆ. ಬರ ಬಿದ್ದ ವರ್ಷ ಗುಟ್ಟಾಗಿ ಹಗೇವು ತೆಗೆದು ಉಣ್ಣುವುದಕ್ಕೆ ಆಗುತ್ತಿರಲಿಲ್ಲ. ಹಾಗಂತ ಎಲ್ಲ ಹಗೇವಿನ ಒಡೆಯರೂ ದಾನಿಗಳಾಗಿದ್ದರು ಅಂತಲ್ಲ. ಲಾಗಣಿ, ಬಡ್ಡಿ ಕಾಳು, ಜೀತ ಎಲ್ಲವೂ ಇದ್ದವು. ಹಗೇವೇ ಇಲ್ಲದ ಮನೆಗಳು ಇದ್ದ ಮನೆಗಳಿಗಿಂತ ಹೆಚ್ಚು. ಆದರೂ ಕಾಳು ಊರಿನ ಕಣ್ಣೆದುರಿಗೆ ಇತ್ತು.

ಮನೆಯೊಳಗಿನ ದಾಸ್ತಾನು ಬೇರೆ. ಅದು ಹೆಂಗಸರ ಇಲಾಖೆ. ಬಿದಿರಿನ ಕಣಜಕ್ಕೆ ಸೆಗಣಿ ಸಾರಿಸಿ ಜೋಳ, ಮಣ್ಣಿನ ವಾಡೆಯಲ್ಲಿ ಬೇಳೆಕಾಳು, ಗಡಿಗೆಯಲ್ಲಿ ಬೀಜ. ತೊಗರಿಗೆ ಎಣ್ಣೆ ಸವರಿ ಇಡುವುದು, ಹೆಸರಿಗೆ ಬೂದಿ ಬೆರೆಸುವುದು, ಬೇವಿನ ಎಲೆ ಹಾಕುವುದು. ಬೇಸಿಗೆಯಲ್ಲಿ ಶಾವಿಗೆ, ಹಪ್ಪಳ, ಸಂಡಿಗೆ. ತಿಂಗಳುಗಟ್ಟಲೆ ಕೆಡದ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಬಕ್ರೀದ್ ಆದ ಮೇಲೆ ನಮ್ಮ ಮನೆಗಳಲ್ಲಿ ಗೋಷ್ತ್‌ಗೆ ಉಪ್ಪು ಅರಿಶಿನ ಹಚ್ಚಿ ಹಗ್ಗದ ಮೇಲೆ ಒಣಗಹಾಕುತ್ತಿದ್ದರು. ಬೀಜದ ಗಡಿಗೆಗೆ ಮಾತ್ರ ಯಾರೂ ಕೈ ಹಾಕುವಂತಿರಲಿಲ್ಲ. ಅದನ್ನು ಉಂಡರೆ ಮುಂದಿನ ವರ್ಷವನ್ನೇ ಉಂಡ ಹಾಗೆ.

ಹತ್ತು ಸಾವಿರ ಎತ್ತುಗಳು

ಮನೆಯ ವಾಡೆ, ಓಣಿಯ ಹಗೇವು ಒಂದು ವರ್ಷದ ಬರ ತಡೆಯಬಹುದು. ಎರಡನೇ ವರ್ಷವೂ ಮಳೆ ಹೋದರೆ? ಆಗ ದೊರೆಯ ಕೆಲಸ ಶುರು.

ದಖ್ಖನ್ನಿನಲ್ಲಿ 1396ರ ಸುಮಾರಿಗೆ ಶುರುವಾಗಿ ಹನ್ನೆರಡು ವರ್ಷ ನಡೆಯಿತೆಂದು ಹೇಳುವ ದುರ್ಗಾದೇವಿ ಬರ ಇವತ್ತಿಗೂ ಹೆಸರಿನಿಂದಲೇ ಭಯ ಹುಟ್ಟಿಸುತ್ತದೆ. ಅದಕ್ಕೂ ಮುಂಚೆ ಕಲಬುರಗಿಯಲ್ಲಿ ಆಳಿದ ಬಹಮನಿ ಸುಲ್ತಾನ ಎರಡನೇ ಮುಹಮ್ಮದ್ ಶಾ (1378-1397) ಒಂದು ಬರ ಕಂಡ. ಮುಂದೆ ಬಿಜಾಪುರದ ಇಬ್ರಾಹಿಂ ಆದಿಲ್‌ಶಾಹನ ದರ್ಬಾರಿನಲ್ಲಿ ಕೂತು ಇತಿಹಾಸ ಬರೆದ ಫರಿಶ್ತಾ ಇವನನ್ನು ಮಹಮೂದ್ ಅಂತ ಕರೆಯುತ್ತಾನೆ. ಮಾಳವ ಮತ್ತು ಗುಜರಾತಿನಿಂದ ಕಾಳು ತರಲು ಈ ಸುಲ್ತಾನ ಸರ್ಕಾರದ ಖರ್ಚಿನಲ್ಲಿ ಹತ್ತು ಸಾವಿರ ಎತ್ತು ಓಡಾಡಿಸಿದ, ತಂದದ್ದನ್ನು ಅಗ್ಗದ ಬೆಲೆಗೆ ಮಾರಿಸಿದ ಎಂದು ಫರಿಶ್ತಾ ಬರೆಯುತ್ತಾನೆ. ಕಲಬುರಗಿ, ಬೀದರ್, ಕಂಧಾರ, ದೌಲತಾಬಾದ್, ನಮ್ಮ ಪುಣೆ ಜಿಲ್ಲೆಯ ಜುನ್ನರ್, ಕೊಂಕಣದ ಚೌಲ್, ದಾಭೋಳ ಮೊದಲಾದ ಕಡೆ ಅನಾಥ ಮಕ್ಕಳಿಗೆ ಶಾಲೆ ತೆರೆಸಿದ್ದೂ ಇವನೇ. ಟೀಚರಾದ ನನಗೆ ಕೋಟೆ, ಯುದ್ಧಗಳಿಗಿಂತ ಈ ಎರಡು ಸಾಲೇ ದೊಡ್ಡವು ಅನಿಸುತ್ತವೆ. ಕಾಳು ತರಿಸುವುದು, ಮಕ್ಕಳನ್ನು ಬೀದಿಗೆ ಬಿಡದಿರುವುದು: ಆಪತ್ತಿನ ತಯಾರಿ ಅಂದರೆ ಇವೆರಡೇ ಅಲ್ಲವೇ?

ಎತ್ತಿನ ಹಿಂಡು ಹೊಡೆದುಕೊಂಡು ಊರಿಂದೂರಿಗೆ ಕಾಳು, ಉಪ್ಪು ಸಾಗಿಸುವುದು ಮುಂದೆ ಬಂಜಾರರ ಕಸುಬಾಗಿ ಹೆಸರಾಯಿತು. ನಾವು ಲಂಬಾಣಿಗರು ಅಂತ ಕರೆಯುವವರು ಅವರೇ. ಮೊಘಲರ ಸೈನ್ಯ ದಖ್ಖನ್ನಿಗೆ ಬಂದಾಗ ಅದರ ಹೊಟ್ಟೆ ತುಂಬಿಸಿದ್ದೂ ಬಂಜಾರರ ಎತ್ತುಗಳೇ. 1685-86ರಲ್ಲಿ ಔರಂಗಜೇಬನ ಸೈನ್ಯ ಬಿಜಾಪುರಕ್ಕೆ ಮುತ್ತಿಗೆ ಹಾಕಿದಾಗ ಕೋಟೆಯ ಒಳಗೂ ಹಸಿವು, ಹೊರಗಿನ ಛಾವಣಿಯಲ್ಲೂ ಹಸಿವು. ಕಾಳಿನ ದಂಡು ಬಂದು ಮುಟ್ಟಿದ ಮೇಲೆಯೇ ಮೊಘಲರ ಛಾವಣಿ ಉಸಿರಾಡಿತು. 1686ರ ಸೆಪ್ಟೆಂಬರಿನಲ್ಲಿ ನಗರ ಬಿತ್ತು. ತೋಪು ಎಷ್ಟಿವೆ ಅನ್ನೋದರ ಜೊತೆ, ಯಾರ ಚೀಲದಲ್ಲಿ ಎಷ್ಟು ಜೋಳ ಇದೆ ಅನ್ನೋದೂ ಆ ಯುದ್ಧದ ಲೆಕ್ಕದಲ್ಲಿತ್ತು.

ಈ ಬಂಜಾರರನ್ನು ನೆನಪಿಟ್ಟುಕೊಳ್ಳಿ. ಕೊನೆಗೆ ಅವರ ಮಾತಿಗೆ ಮತ್ತೆ ಬರುತ್ತೇನೆ.

ಮಂಗಳವೇಢೆ ಮತ್ತು ದೇಹು

ನಿಗಡಿಯಿಂದ ಸೋಲಾಪುರ ದಾರಿ ಹಿಡಿದು ನಮ್ಮ ಊರಿಗೆ ಹೋಗುವಾಗ ಹೆದ್ದಾರಿಯಿಂದ ಬಲಕ್ಕೆ ಮಂಗಳವೇಢೆಯ ಬೋರ್ಡು ಕಾಣುತ್ತದೆ. ಕಲಚೂರಿ ಬಿಜ್ಜಳನ ಮಂಗಳವಾಡ ಇದೇ. ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮೊದಲು ಇದ್ದ ಊರು. ಇಲ್ಲಿನ ಮಾಲದಂಡಿ ಜೋಳಕ್ಕೆ ಇವತ್ತಿಗೂ ದೊಡ್ಡ ಹೆಸರು. 15ನೇ ಶತಮಾನದಲ್ಲಿ ಈ ಊರು ಬೀದರಿನ ಬಹಮನಿಗಳ ಕೈಯಲ್ಲಿತ್ತು, ದಾಮಾಜಿಪಂತ ಅಲ್ಲಿನ ಅಧಿಕಾರಿ. ಬರ ಬಿದ್ದು ಜನ ಸಾಯತೊಡಗಿದಾಗ ಅವರು ಅಪ್ಪಣೆಗೆ ಕಾಯದೆ ಸರ್ಕಾರಿ ಕಣಜದ ಬಾಗಿಲು ತೆಗೆದರು ಅಂತ ಕಥೆ. ಸುಲ್ತಾನ ಹಿಡಿದು ತರಿಸಿದ. ಅಷ್ಟರಲ್ಲಿ ವಿಠು ಎಂಬ ಮಹಾರ ಬೀದರಿನ ದರ್ಬಾರಿಗೆ ಬಂದು ಕಾಳಿನ ಪೂರ್ತಿ ಹಣ ಕಟ್ಟಿ ಹೋದ. ಬಂದವನು ಪಂಢರಪುರದ ವಿಠ್ಠಲನೇ ಅನ್ನೋದು ಭಕ್ತರ ನಂಬಿಕೆ.

ಇದನ್ನು ನಾನು ದಾಖಲೆಯ ಇತಿಹಾಸವಾಗಿ ಅಲ್ಲ, ಜನರ ನೆನಪಾಗಿ ಹೇಳುತ್ತಿದ್ದೇನೆ. ಜನ ಏನನ್ನು ನೆನಪಿಟ್ಟರು ನೋಡಿ. ಕಣಜ ತುಂಬಿಸಿದವರ ಹೆಸರು ಯಾರ ಬಾಯಲ್ಲೂ ಇಲ್ಲ. ಬಾಗಿಲು ತೆಗೆದವನ ಹೆಸರು ಐದು ನೂರು ವರ್ಷದ ಮೇಲೂ ಉಳಿದಿದೆ.

ಇನ್ನೊಂದು ನೆನಪು ನಮ್ಮ ಮನೆಗೇ ಹತ್ತಿರ. ನಿಗಡಿಯ ಭಕ್ತಿ-ಶಕ್ತಿ ಚೌಕದಲ್ಲಿ ಶಿವಾಜಿ ಮಹಾರಾಜರೂ ಸಂತ ತುಕಾರಾಮರೂ ಎದುರುಬದುರು ನಿಂತ ದೊಡ್ಡ ಶಿಲ್ಪವಿದೆ. ತುಕಾರಾಮರ ದೇಹು ಇಲ್ಲಿಂದ ಹತ್ತು ಕಿಲೋಮೀಟರ್ ಆಸುಪಾಸು. ಆಷಾಢದಲ್ಲಿ ಪಾಲಖಿ ದೇಹುವಿನಿಂದ ಹೊರಟು ಈ ಚೌಕ ದಾಟಿಯೇ ಆಕುರ್ಡಿಯ ಮುಕ್ಕಾಮಿಗೆ ಹೋಗುತ್ತದೆ. ಆ ದಿನ ನಮ್ಮ ಓಣಿಯವರೂ ವಾರಕರಿಗಳಿಗೆ ನೀರು, ಬಾಳೆಹಣ್ಣು ಕೊಡುತ್ತಾರೆ. ತುಕಾರಾಮರ ಮನೆತನ ವ್ಯಾಪಾರದ್ದು, ಸಾಲ ಕೊಡುವ ಮನೆ. 1630ರ ಸುಮಾರಿಗೆ ಗುಜರಾತು, ದಖ್ಖನ್ ಎರಡನ್ನೂ ಸುಟ್ಟ ಬರದಲ್ಲಿ ಅವರ ಮೊದಲ ಹೆಂಡತಿ, ಮಗ ಇಬ್ಬರೂ ತೀರಿಕೊಂಡರು. ಅಂಗಡಿ ಇದ್ದ ಮನೆಯಲ್ಲೇ ಹಸಿವಿನ ಸಾವು! ಆಮೇಲೆ ಅವರು ತಮ್ಮ ಪಾಲಿನ ಸಾಲಪತ್ರಗಳನ್ನು ಇಂದ್ರಾಯಣಿಗೆ ಬಿಟ್ಟುಬಿಟ್ಟರು ಅಂತ ಪರಂಪರೆ ಹೇಳುತ್ತದೆ. ಊರಿಗೆ ಊರೇ ಬರಿದಾದಾಗ ಒಂದು ಮನೆಯ ದಾಸ್ತಾನು ಆ ಮನೆಯನ್ನೂ ಉಳಿಸಲಾರದು ಅನ್ನೋದಕ್ಕೆ ನನಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಕ್ಕಿಲ್ಲ.

ಕೂಡಿಡುವುದು ಬೇರೆ, ಬಚ್ಚಿಡುವುದು ಬೇರೆ

ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಯೂಸುಫರ ಕಥೆ ಎಲ್ಲರಿಗೂ ಗೊತ್ತು. ಏಳು ವರ್ಷ ಸುಗ್ಗಿ, ಏಳು ವರ್ಷ ಬರ. ಸುಗ್ಗಿಯಲ್ಲಿ ಉಣ್ಣುವಷ್ಟು ಬಿಟ್ಟು ಉಳಿದದ್ದನ್ನು ತೆನೆಯಲ್ಲೇ ಇಡಿ ಅಂತ ಅವರು ಹೇಳುತ್ತಾರೆ. ತೆನೆಯಲ್ಲಿದ್ದರೆ ಸಿಪ್ಪೆ ಕಾಳನ್ನು ಕಾಯುತ್ತದೆ, ರೈತನಿಗೆ ಗೊತ್ತಿರುವ ಮಾತೇ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಬರ ಬಂದಾಗ ಆ ಕಾಳು ಈಜಿಪ್ಟಿನವರಿಗೆ ಮಾತ್ರ ಅಲ್ಲ, ಹೊರಗಿನಿಂದ ಬಂದವರಿಗೂ ಸಿಕ್ಕಿತು. ತನ್ನನ್ನು ಬಾವಿಗೆ ತಳ್ಳಿದ ಅಣ್ಣಂದಿರ ಚೀಲವನ್ನೂ ಯೂಸುಫರು ತುಂಬಿಸಿ ಕಳಿಸಿದರು.

ಪ್ರವಾದಿಯವರು ಮನೆಯವರಿಗೆ ಒಂದು ವರ್ಷದ ಊಟಕ್ಕಾಗುವಷ್ಟು ಎತ್ತಿಡುತ್ತಿದ್ದ ಉಲ್ಲೇಖ ಹದೀಸ್‌ಗಳಲ್ಲಿದೆ. ಹಾಗಾಗಿ ಕೂಡಿಡುವುದು ತಪ್ಪಲ್ಲ, ನಂಬಿಕೆ ಕಡಿಮೆಯಾದ ಲಕ್ಷಣವೂ ಅಲ್ಲ. ಬೆಲೆ ಏರಲಿ ಅಂತ ಜನರ ಊಟವನ್ನು ಸಂತೆಯಿಂದ ಎತ್ತಿ ಬಚ್ಚಿಡುವುದಕ್ಕೆ ಇಹ್ತಿಕಾರ್ ಅಂತಾರೆ. ಅದನ್ನು ಧರ್ಮಶಾಸ್ತ್ರಜ್ಞರು ಪಾಪ ಅಂತಲೇ ಎಣಿಸಿದರು. ನಡುವಿನ ಗೆರೆ ಎಲ್ಲಿದೆ? ಸುಗ್ಗಿಯಲ್ಲಿ, ಸಂತೆ ತುಂಬಿದ್ದಾಗ ತಂದರೆ ಅದು ತಯಾರಿ. ಕೊರತೆ ಶುರುವಾದ ಮೇಲೆ ಪಕ್ಕದವನ ಪಾಳಿಯದನ್ನೂ ಎತ್ತಿಕೊಂಡು ಬಂದರೆ? ನಾನು ಮಾರುವುದಕ್ಕೆ ತಂದಿರಲಿಲ್ಲ, ನಿಜ. ಆದರೆ ಆ ಗಾರೆ ಕೆಲಸದವನಿಗೆ ಅದರಿಂದ ಏನು ಫರಕು ಆಯಿತು?

ಧಾತು ಬರ: ಕಾಳಿತ್ತು, ಕಾಸಿರಲಿಲ್ಲ

1791-92ರ ಡೋಗಿ ಬರದಲ್ಲಿ ಸತ್ತವರ ತಲೆಬುರುಡೆ ದಾರಿಯಲ್ಲಿ ಬಿದ್ದಿದ್ದವು ಅಂತ ಆ ಹೆಸರು ಬಂತು. ಅದರ ಎಂಬತ್ತೈದು ವರ್ಷದ ಮೇಲೆ ಧಾತು ಸಂವತ್ಸರದಲ್ಲಿ, ಅಂದರೆ 1876ರಲ್ಲಿ, ಇನ್ನೊಂದು ಬರ ಶುರುವಾಯಿತು. ಆಗ ನಮ್ಮ ಜಿಲ್ಲೆಯ ಹೆಸರು ಕಲಾದಗಿ. 1872ರ ಜನಗಣತಿಯಲ್ಲಿ ಎಂಟು ಲಕ್ಷಕ್ಕೂ ಹೆಚ್ಚಿದ್ದ ಜಿಲ್ಲೆಯ ಜನ 1881ರಲ್ಲಿ ಆರೂವರೆ ಲಕ್ಷಕ್ಕಿಂತ ಕೆಳಗೆ ಇಳಿದರು. ಸತ್ತವರೆಷ್ಟು, ಗುಳೆ ಹೋದವರೆಷ್ಟು ಬಿಡಿಸಿ ಹೇಳುವುದು ಕಷ್ಟ. ಐದರಲ್ಲಿ ಒಬ್ಬರು ಇಲ್ಲವಾದರು ಅಂತ ತಿಳಿಯಿರಿ.

ಆ ಹೊತ್ತಿಗೆ ಹಗೇವುಗಳಿಗೆ ಏನಾಗಿತ್ತು? ಕಂದಾಯ ನಗದಿನಲ್ಲಿ ಕಟ್ಟಬೇಕು, ಅದಕ್ಕೆ ಕಾಳು ಮಾರಬೇಕು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು, ಜೋಳದ ಹೊಲಗಳು ಹತ್ತಿಗೆ ತಿರುಗಿದವು. ಯುದ್ಧ ಮುಗಿದ ಮೇಲೆ ಹತ್ತಿ ಬಿತ್ತು, ಸಾಲ ಉಳಿಯಿತು. ರೈಲು ಪುಣೆ, ಸೋಲಾಪುರ, ಕಲಬುರಗಿ ದಾಟಿ ರಾಯಚೂರು ಮುಟ್ಟಿತ್ತು. ರೈಲು ಕಾಳನ್ನು ತರುವ ಹಾಗೆಯೇ ಒಯ್ಯುತ್ತದೆ ಕೂಡ. ಎಲ್ಲಿ ಬೆಲೆ ಹೆಚ್ಚೋ ಅಲ್ಲಿಗೆ ಕಾಳು ಹೋಗುತ್ತದೆ. ಜನ ಸಾಯುತ್ತಿದ್ದ ವರ್ಷಗಳಲ್ಲೂ ಹಿಂದುಸ್ತಾನದ ಬಂದರುಗಳಿಂದ ಗೋಧಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಸಂತೆಯ ವ್ಯವಹಾರದಲ್ಲಿ ಸರ್ಕಾರ ಕೈ ಹಾಕಬಾರದು ಅನ್ನೋದು ವೈಸರಾಯ್ ಲಿಟ್ಟನ್‌ನ ನೀತಿ.

ಬರದ ಕಾಮಗಾರಿಗಳನ್ನು ನೋಡಲು ಬಂದ ಸರ್ ರಿಚರ್ಡ್ ಟೆಂಪಲ್ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದಿಷ್ಟು ಚಿಲ್ಲರೆ ಎಂಬ ಲೆಕ್ಕಕ್ಕೆ ಇಳಿಸಿದ. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ದಿನವಿಡೀ ಕಲ್ಲು ಒಡೆಯುವವನಿಗೆ ಅಷ್ಟೇ! 1877ರಲ್ಲಿ ಮುಂಬಯಿ ಪ್ರಾಂತದ ಕೂಲಿಗಳು ಇದನ್ನು ಒಪ್ಪದೆ ಕೆಲಸ ಬಿಟ್ಟು ಹೊರಟರು. 1870ರಲ್ಲಿ ಹುಟ್ಟಿದ್ದ ಪುಣೆಯ ಸಾರ್ವಜನಿಕ ಸಭೆ ಊರೂರಿನ ವರದಿ ತರಿಸಿ ಸರ್ಕಾರಕ್ಕೆ ಮನವಿಯ ಮೇಲೆ ಮನವಿ ಬರೆಯಿತು. ನಮ್ಮ ಕಲಾದಗಿಯ ಹಸಿವಿಗೆ ಪುಣೆಯಿಂದ ದನಿ ಎದ್ದದ್ದು ಹೀಗೆ. ಕೊನೆಗೆ 1880ರ ಬರಗಾಲ ಆಯೋಗ, ಅದರ ಬೆನ್ನಿಗೆ ಬರಗಾಲ ಸಂಹಿತೆ ಬಂದವು. ಬರವನ್ನು ಮೊದಲೇ ಗುರುತಿಸುವುದು, ಕೆಲಸ ಕೊಡುವುದು, ಅಶಕ್ತರಿಗೆ ಉಚಿತ ಊಟ: ಸರ್ಕಾರದ ಕರ್ತವ್ಯ ಇದು ಅಂತ ಕಾಗದದ ಮೇಲೆ ಬರಲು ಲಕ್ಷಾಂತರ ಜನ ಸಾಯಬೇಕಾಯಿತು. 1880ರ ದಶಕದಲ್ಲಿ ಬಿಜಾಪುರದ ಮೇಲೆ ಹಾಯ್ದ ಹೊಟಗಿ-ಗದಗ ರೈಲು ಹಳಿ ಕೂಡ ಬರದ ರಕ್ಷಣೆಗೆಂದೇ ಹಾಕಿದ್ದು.

ಆ ರೈಲು ಬಂದ ಮೇಲೆ ಬಂಜಾರರ ಎತ್ತುಗಳಿಗೆ ಕೆಲಸ ಉಳಿಯಲಿಲ್ಲ. ಇಡೀ ದಖ್ಖನ್ನಿಗೆ ಕಾಳು ಹೊತ್ತವರು ತಾಂಡಾಗಳಲ್ಲಿ ಕೂಲಿಗಳಾದರು.

1972: ನಿಗಡಿ ಹುಟ್ಟಿದ ವರ್ಷ

ನಮ್ಮ ಅಬ್ಬಾ ಹೇಳುವ ಬರ 1972ರದ್ದು. ಮಹಾರಾಷ್ಟ್ರ ಮತ್ತು ನಮ್ಮ ಉತ್ತರ ಕರ್ನಾಟಕ ಎರಡೂ ಬೆಂದವು. ಕಲ್ಲು ಒಡೆಯುವ ಕಾಮಗಾರಿ, ಅಮೆರಿಕದಿಂದ ಬಂದ ಕೆಂಪು ಜೋಳ, ಅದೇ ಮಿಲೋ. "ದನಾನೂ ಮೂಸ್ತಿರಲಿಲ್ಲ, ನಾವು ತಿಂದ್ವಿ" ಅಂತ ಅವರು ನಗುತ್ತಾ ಹೇಳುತ್ತಾರೆ. ಆ ವರ್ಷ ದಾದಿ ಹಗೇವಿನ ಕೊನೆಯ ಜೋಳ ತೆಗೆಸಿದಳಂತೆ. ಮುಗ್ಗು ವಾಸನೆಯ ರೊಟ್ಟಿ, ಆದರೂ ರೊಟ್ಟಿ. ಪಕ್ಕದ ಎರಡು ಮನೆಗೆ ಪಾಯಲಿ ಲೆಕ್ಕದಲ್ಲಿ ಅಳೆದು ಕೊಟ್ಟಳು, ತಿರುಗಿ ಕೇಳಲಿಲ್ಲ. "ಅಪ್ನಾ ಡಬ್ಬಾ ಭರ್ಯಾ ತೋ ಬಾಜೂ ವಾಲೇ ಕಾ ಭೀ ದೇಖ್ನಾ" ಅನ್ನೋದು ಅವಳ ಮಾತು. ಆಮೇಲೆ ಆ ಹಗೇವು ಮತ್ತೆ ತುಂಬಲಿಲ್ಲ. ಮನೆಗೆ ತಗಡಿನ ಡಬ್ಬಿಗಳು ಬಂದವು, ಊರಿಗೆ ರೇಷನ್ ಅಂಗಡಿ ಬಂತು.

ಅದೇ 1972ರಲ್ಲಿ ಪಿಂಪ್ರಿ-ಚಿಂಚವಡ ನವನಗರ ವಿಕಾಸ ಪ್ರಾಧಿಕರಣ ಸ್ಥಾಪನೆಯಾಯಿತು. ಪಿಂಪ್ರಿಯ ಹಿಂದುಸ್ತಾನ್ ಆಂಟಿಬಯೋಟಿಕ್ಸ್, ಆಕುರ್ಡಿಯ ಬಜಾಜ್ ಆಟೋ ಮೊದಲಾದ ಕಾರ್ಖಾನೆಗಳ ಕೆಲಸದವರಿಗೆ ಮನೆ ಬೇಕಿತ್ತು. ಹೊಲಗಳಿದ್ದ ನಿಗಡಿ ಸೆಕ್ಟರುಗಳಾಯಿತು. ಬರ ಹೊರದಬ್ಬಿದ ಜನ, ಕರೆದ ನಗರ. ವಿಜಯಪುರ, ಕಲಬುರಗಿ ಕಡೆಯ ಎಷ್ಟೋ ಮನೆಗಳು ಪುಣೆಗೆ ಬಂದ ದಾರಿ ಇದೇ. ಇವತ್ತಿಗೂ ಇಲ್ಲಿ ಏಳುವ ಬಿಲ್ಡಿಂಗುಗಳ ಕೆಳಗಿನ ತಗಡಿನ ಶೆಡ್ಡುಗಳಲ್ಲಿ ಸಂಜೆ ಹೊತ್ತು ನಮ್ಮ ಕಡೆಯ ಕನ್ನಡ ಕೇಳುತ್ತದೆ. ಜೊತೆಗೆ ಲಂಬಾಣಿ ಮಾತು ಕೂಡ.

"ಈ ಚೀಲ ಇಟ್ಟುಕೋರಿ ಅಕ್ಕಾರ"

ಲಾಕ್‌ಡೌನಿನ ಮೂರನೇ ವಾರ. ಪಕ್ಕದ ಸೈಟಿನ ಶೆಡ್ಡಿನಲ್ಲಿದ್ದ ಒಬ್ಬ ಲಂಬಾಣಿ ಹೆಣ್ಣುಮಗಳು ನಮ್ಮ ಬಾಗಿಲಿಗೆ ಬಂದಳು. ನಮ್ಮ ಜಿಲ್ಲೆಯದೇ ತಾಂಡಾ. ಅವಳ ಮಗಳು ಭಾನುವಾರ ನನ್ನ ಹತ್ತಿರ ಕನ್ನಡ ಅಕ್ಷರ ಕಲಿಯಲು ಬರುತ್ತಿತ್ತು. ಕಾಳು ಕೇಳಲು ಬಂದಿರಬೇಕು ಅಂದುಕೊಂಡು ನಾನು ಅಡುಗೆಮನೆ ಕಡೆ ತಿರುಗಿದೆ. ಅವಳ ತಲೆಯ ಮೇಲೆ ಒಂದು ಅಕ್ಕಿ ಚೀಲ ಇತ್ತು.

"ಯಾರೋ ಹಂಚಿದ್ರು ಅಕ್ಕಾರ. ನಮ್ಮ ಶೆಡ್ಡಿನ್ಯಾಗ ಇಲಿ ಕಾಟ, ಮೊನ್ನಿ ಮಳಿಗಿ ತಗಡು ಸೋರತದ. ಈ ಚೀಲ ನಿಮ್ಮ ಮನ್ಯಾಗ ಇಟ್ಟುಕೋರಿ. ದಿನಾ ಒಂದ್ ಸೇರು ಒಯ್ತೀನಿ" ಅಂದಳು.

ನಾನು ಅಲ್ಲೇ ನಿಂತುಬಿಟ್ಟೆ. ಆಪತ್ತಿಗೆ ದಾಸ್ತಾನು ಮಾಡಿ ಅಂತ ಹೇಳುವ ನಾವು ಯಾರೂ ಯೋಚಿಸದ ಮಾತು ಅದು. ಕೂಡಿಡುವುದಕ್ಕೆ ಮೊದಲು ಒಣ ಗೋಡೆ ಬೇಕು, ಸೋರದ ಮಾಡು ಬೇಕು, ಚಿಲಕ ಇರುವ ಬಾಗಿಲು ಬೇಕು. ತಿಂಗಳ ಸಾಮಾನು ಒಮ್ಮೆಗೇ ತರುವಷ್ಟು ದುಡ್ಡು ಕೈಯಲ್ಲಿ ಬೇಕು. ದಿನಗೂಲಿಯವಳು ದಿನದ ಹಿಟ್ಟು ದಿನ ತರುತ್ತಾಳೆ, ಅದು ಅವಳ ಅಜಾಗರೂಕತೆ ಅಲ್ಲ. ಅವಳ ರೇಷನ್ ಕಾರ್ಡು ತಾಂಡಾದಲ್ಲಿ ಅತ್ತೆಯ ಹತ್ತಿರ ಇತ್ತು. ಒಂದು ರಾಜ್ಯದ ಕಾರ್ಡಿಗೆ ಇನ್ನೊಂದು ರಾಜ್ಯದಲ್ಲಿ ರೇಷನ್ ಸಿಗುವ ವ್ಯವಸ್ಥೆಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ 2020ರ ಜನವರಿಯಲ್ಲೇ ಸೇರಿದ್ದವು. ಅದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ಯಾಕಂದರೆ ನನಗೂ ಗೊತ್ತಿರಲಿಲ್ಲ. 2021ರ ಜೂನಿನಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಇದನ್ನು ಜಾರಿ ಮಾಡಿ ಅಂತ ಗಡುವು ಕೊಡಬೇಕಾಯಿತು.

ಒಂದು ಕಾಲಕ್ಕೆ ಸುಲ್ತಾನರ ದಂಡಿಗೆ ಕಾಳು ಹೊತ್ತ ಜನರ ಮಗಳು, ತನ್ನ ಒಂದು ಚೀಲ ಇಡಲು ಜಾಗ ಕೇಳುತ್ತಿದ್ದಳು. ಆ ಚೀಲವನ್ನು ನನ್ನ ಎರಡು ಗೋಧಿ ಚೀಲದ ಪಕ್ಕಕ್ಕೇ ಇಟ್ಟೆ. ಹುಳ ಬಿದ್ದ ಚೀಲ ನನ್ನದೇ. ಅವಳದು ದಿನಾ ಬಾಯಿ ತೆರೆಯುತ್ತಿತ್ತು, ತಿಂಗಳೊಳಗೆ ಮುಗಿಯಿತು. ಮೇ ತಿಂಗಳಲ್ಲಿ ಅವರು ಊರಿಗೆ ಹೋದರು.

ಕ್ಲಾಸಿನ ಲೆಕ್ಕ

ಶಾಲೆ ಮತ್ತೆ ತೆರೆದ ಮೇಲೆ ಏಳನೇ ತರಗತಿಗೆ ಒಂದು ಲೆಕ್ಕ ಕೊಟ್ಟೆ. ಒಬ್ಬರಿಗೆ ದಿನಕ್ಕೆ 400 ಗ್ರಾಂ ಕಾಳು ಅಂತ ಹಿಡಿದರೆ ಐದು ಜನರ ಮನೆಗೆ ದಿನಕ್ಕೆ 2 ಕಿಲೋ. 21 ದಿನಕ್ಕೆ 42 ಕಿಲೋ. ನಾಲ್ಕು ಹಂತದ ಲಾಕ್‌ಡೌನು ಮೇ 31ರವರೆಗೆ 68 ದಿನ ನಡೆಯಿತು, ಅದಕ್ಕೆ 136 ಕಿಲೋ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ತಲೆಗೆ ತಿಂಗಳಿಗೆ 5 ಕಿಲೋ, ಅಂದರೆ ದಿನಕ್ಕೆ 166 ಗ್ರಾಂ. 2020ರ ಏಪ್ರಿಲಿನಿಂದ ಇನ್ನೂ 5 ಕಿಲೋ ಸೇರಿಸಿದಾಗ 333 ಗ್ರಾಂ. ಒಬ್ಬ ಹುಡುಗಿ ಕೈ ಎತ್ತಿ ಕೇಳಿದಳು: "ಟೀಚರ್, ಟೆಂಪಲ್ ಸಾಹೇಬ್ ಕೊಟ್ಟಿದ್ದು 450 ಅಲ್ವಾ?" ನಾನು ಏನು ಹೇಳಲಿ? ಟೆಂಪಲ್ ಕೊಟ್ಟದ್ದು ಕಲ್ಲು ಒಡೆದದ್ದಕ್ಕೆ ಕೂಲಿ, ಇದು ಹಕ್ಕು, ಅದರ ಮೇಲೆ ಸಂಬಳ ಇರಬೇಕು ಅನ್ನೋದು ಲೆಕ್ಕ ಅಂತ ವಿವರಿಸಿದೆ. "ಸಂಬಳ ಇಲ್ಲದ ತಿಂಗಳು?" ಅಂದಳು. ಆ ಪ್ರಶ್ನೆಯನ್ನು ಬೋರ್ಡಿನ ಮೇಲೆ ಹಾಗೇ ಬಿಟ್ಟೆ.

ಈಗ ನಮ್ಮ ಮನೆಯಲ್ಲಿ ಏನು ಇಡುತ್ತೇವೆ ಅಂತ ಕೇಳಿದರೆ, ಒಂದು ತಿಂಗಳಿಗಾಗುವಷ್ಟು. ಜಾಸ್ತಿ ಇಲ್ಲ. ಗೋಧಿ, ಜೋಳ, ಅಕ್ಕಿ, ತೊಗರಿ, ಹೆಸರು, ಎಣ್ಣೆ, ಉಪ್ಪು, ಬೆಲ್ಲ. ಸುಗ್ಗಿ ಮುಗಿದು ಬೆಲೆ ಇಳಿದಾಗ ತರುತ್ತೇವೆ. ಬಿಸಿಲಿಗೆ ಹಾಕಿ, ಬೇವಿನ ಎಲೆ ಇಟ್ಟು, ಹಳೆಯದು ಮುಂದೆ, ಹೊಸದು ಹಿಂದೆ. ಅತ್ತೆಯವರ ಬಿಪಿ ಗುಳಿಗೆ ಒಂದು ತಿಂಗಳ ಮುಂಗಡ. ಟಾರ್ಚು, ಮೇಣಬತ್ತಿ, ಕಡ್ಡಿಪೆಟ್ಟಿಗೆ. ರೇಷನ್ ಕಾರ್ಡು, ಆಧಾರು ಒಂದೇ ಚೀಲದಲ್ಲಿ. ನೀರಿನ ಪಾಠ ಮಾತ್ರ ನಿಗಡಿಯವರಿಗೆ ಹೇಳಿಕೊಡಬೇಕಿಲ್ಲ. ಪವನಾ ನೀರು ಶುದ್ಧ ಮಾಡುವ ಕೇಂದ್ರ ನಮ್ಮ ಸೆಕ್ಟರ್ 23ರಲ್ಲೇ ಇದ್ದರೂ 2019ರ ಕೊನೆಯಲ್ಲಿ ದಿನ ಬಿಟ್ಟು ದಿನ ನೀರು ಶುರುವಾದಾಗಿನಿಂದ ಎಲ್ಲರ ಮನೆಯಲ್ಲೂ ಡ್ರಮ್ಮು.

ಇನ್ನೊಂದು ಹಳೆಯ ಪದ್ಧತಿಯನ್ನು ತಿರುಗಿ ತಂದಿದ್ದೇವೆ. ರೊಟ್ಟಿಗೆ ಹಿಟ್ಟು ತೆಗೆಯುವಾಗ, ಅನ್ನಕ್ಕೆ ಅಕ್ಕಿ ತೊಳೆಯುವಾಗ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು. ನಮ್ಮ ಹಿರಿಯರು ಮದರಸಾಗಳಿಗೆ ಹೀಗೆ ಮುಠ್ಠಿ ಚಾವಲ್ ಕೊಡುತ್ತಿದ್ದರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದ ಕರ್ಮವೀರ ಭಾವುರಾವ್ ಪಾಟೀಲರು ಇದೇ ಮುಷ್ಟಿ ಫಂಡಿನಿಂದ ಬಡ ಮಕ್ಕಳ ಹಾಸ್ಟೆಲಿನ ಒಲೆ ಹಚ್ಚಿದರು. ಹಿಡಿ ಅಂದರೆ ಐವತ್ತು ಗ್ರಾಂ ಇರಬಹುದು. ಹತ್ತು ಮನೆ ಸೇರಿದರೆ ದಿನಕ್ಕೆ ಅರ್ಧ ಕಿಲೋ, ತಿಂಗಳಿಗೆ ಹದಿನೈದು ಕಿಲೋ. ನಮ್ಮ ಬಿಲ್ಡಿಂಗಿನ ಎಂಟು ಮನೆಗಳು ಸೇರಿದ್ದೇವೆ. ಅದರಲ್ಲಿ ಮೂರು ನಮ್ಮವು, ನಾಲ್ಕು ಮರಾಠಿ ಮನೆ, ಒಂದು ತೆಲುಗು ಮನೆ. ಸ್ಟೀಲ್ ಡ್ರಮ್ಮು ಕೆಳಗಿನ ಪ್ಯಾಸೇಜಿನಲ್ಲಿ, ಎಲ್ಲರ ಕಣ್ಣಿಗೆ ಕಾಣುವಂತೆ ಇದೆ. ಪಕ್ಕದ ಶೆಡ್ಡಿನವರು ತಮ್ಮ ಚೀಲ ಇಡುವುದಕ್ಕೂ ಅಲ್ಲೇ ಒಂದು ಕಪಾಟು ಕೊಟ್ಟಿದ್ದೇವೆ. ಬೀಗದ ಕೈ ಅವರ ಹತ್ತಿರವೇ ಇರುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ನಿಮ್ಮ ನಾನಿ, ದಾದಿ, ಅಜ್ಜಿ ಯಾರಾದರೂ ಇದ್ದರೆ ಈ ರಜೆಯಲ್ಲಿ ಕೇಳಿ: ನಮ್ಮ ಊರಿನಲ್ಲಿ ಹಗೇವು ಎಲ್ಲಿತ್ತು, ಕೊನೆಯ ಸಲ ಯಾವಾಗ ತೆರೆಯಿತು, ಅವತ್ತು ಯಾರ್ಯಾರಿಗೆ ಅಳೆದು ಕೊಟ್ಟರು, ಯಾರಿಗೆ ಕೊಡಲಿಲ್ಲ. ನಾಲ್ಕನೇ ಪ್ರಶ್ನೆಗೆ ಉತ್ತರ ತಡವಾಗಿ ಬರುತ್ತದೆ, ಕಾಯಿರಿ. ಬಂದದ್ದನ್ನು ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಮ್ಮ ದಾದಿಗೆ ಅದನ್ನು ಕೇಳುವಷ್ಟು ಬುದ್ಧಿ ನನಗೆ ಬರುವ ಮೊದಲೇ ಅವಳು ಹೋಗಿಬಿಟ್ಟಳು. ಹಾಸುಗಲ್ಲು ಮಾತ್ರ ಈಗಲೂ ಮನೆ ಮುಂದೆ ಇದೆ.